ಟೋಪಿಗೆ ಹೊಂದದ ತಲೆ

ದೊಡ್ಡ ಮನೆಯ ಬೀಗದ ಕೈ ಚಿಕ್ಕವರ ಸೊಂಟದಲ್ಲಿರುವುದು ಹೊಸದೇನಲ್ಲ. ಮದುವೆಗೆ ಯಜಮಾನರು ಊರನ್ನೆಲ್ಲ ಕರೆದಿರುತ್ತಾರೆ. ಆದರೆ ಯಾರು ಉಂಡರು, ಯಾರು ಎಲೆ ಸಾಲದೆ ಬಾಗಿಲಲ್ಲೇ ನಿಂತು ಹಿಂದಿರುಗಿದರು ಎಂಬುದು ಎಲೆ ಹಾಕುವ ಹುಡುಗನಿಗೆ ಗೊತ್ತಿರುವಷ್ಟು ಯಜಮಾನರಿಗೆ ಗೊತ್ತಿರುವುದಿಲ್ಲ. ಮಾರನೆಯ ದಿನ ಅವರು ‘ಊರಿಗೆಲ್ಲ ಊಟ ಹಾಕಿದೆವು’ ಎಂದು ಸಂತೋಷದಿಂದ ಹೇಳಿಕೊಳ್ಳುತ್ತಾರೆ. ಅದನ್ನು ಸುಳ್ಳು ಎನ್ನುವಂತಿಲ್ಲ, ನಿಜ ಎನ್ನಲೂ ನಾಲಗೆ ಏಳುವುದಿಲ್ಲ.

ಇಂಥ ಎಲೆ ಹಾಕುವವರು ವಿಜ್ಞಾನದ ಮನೆಯಲ್ಲೂ ಇರುತ್ತಾರೆಂದು ನನಗೆ ತಿಳಿದದ್ದು ಈಚೆಗೆ. ನನ್ನ ತಮ್ಮನ ಮಗಳು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅಲ್ಲಿ ‘ಅರಿವಿನ ನರವಿಜ್ಞಾನ’ದ ಪ್ರಯೋಗಾಲಯವೊಂದರಲ್ಲಿ ವಾರಕ್ಕೆ ಒಂದಷ್ಟು ಗಂಟೆ ಸಹಾಯಕಿಯಾಗಿ ದುಡಿಯುತ್ತಾಳೆ. ನಾವು ನೋಡುವಾಗ, ನೆನಪಿಡುವಾಗ, ಒಂದರ ಮೇಲೆ ಗಮನವಿಡುವಾಗ ಮೆದುಳಿನಲ್ಲಿ ಏನು ನಡೆಯುತ್ತದೆ ಎಂದು ಹುಡುಕುವ ಶಾಸ್ತ್ರ ಅದು. ಕೇಳಿದವರಿಗೆಲ್ಲ ನನ್ನ ತಮ್ಮ, “ಮಗಳು ಮೆದುಳಿನ ಮೇಲೆ ರಿಸರ್ಚ್ ಮಾಡ್ತಿದ್ದಾಳೆ” ಎನ್ನುತ್ತಾನೆ. ಅವಳು ನನಗೆ ಫೋನಿನಲ್ಲಿ ಹೇಳಿದ್ದು ಬೇರೆ. “ಅತ್ತೆ, ಅಪ್ಪ ಸುಮ್ನೆ ಹೇಳ್ತಾರೆ. ನಾನು ಮಾಡೋದು ಮೆದುಳಿನ ಕೆಲಸ ಅಲ್ಲ, ತಲೆಕೂದಲಿನ ಕೆಲಸ.”

ಅವಳ ಕೆಲಸದ ವಿವರ ಕೇಳಿದರೆ ನಮ್ಮಂಥ ಹೆಂಗಸರಿಗೆ ಅದು ಅಪರಿಚಿತ ಎನ್ನಿಸುವುದೇ ಇಲ್ಲ. ಪ್ರಯೋಗಕ್ಕೆ ಒಪ್ಪಿ ಬಂದವರನ್ನು ಕುರ್ಚಿಯ ಮೇಲೆ ಕೂರಿಸಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ದರ್ಜಿಯ ಹಾಗೆ ಟೇಪು ಹಿಡಿದು ಅಳೆಯಬೇಕು. ಆಮೇಲೆ ತೂತು ತೂತಿನ ಬಟ್ಟೆಯ ಟೋಪಿಯೊಂದನ್ನು ಬಿಗಿಯಾಗಿ ಹಾಕಬೇಕು. ಅವರ ಟೋಪಿಯಲ್ಲಿ 64 ತೂತುಗಳಿವೆಯಂತೆ. ಒಂದೊಂದು ತೂತಿನಲ್ಲೂ ಕಡ್ಡಿ ತೂರಿಸಿ ಕೂದಲನ್ನು ಆಚೀಚೆ ಸರಿಸಿ, ಬುಡದ ಚರ್ಮ ಕಾಣುವಂತೆ ಮಾಡಿ, ಮೊಂಡು ಸೂಜಿಯ ಸಿರಿಂಜಿನಿಂದ ಉಪ್ಪಿನ ಅಂಶವಿರುವ ಜೆಲ್ ತುಂಬಬೇಕು. ಜಗಲಿಯ ಮೇಲೆ ಹೇನು ನೋಡಲು ಕೂತವರಿಗಿರಬೇಕಾದಷ್ಟೇ ತಾಳ್ಮೆ ಇದಕ್ಕೂ ಬೇಕು. ಎಲ್ಲ ಮುಗಿದ ಮೇಲೆ ಬಂದವರ ತಲೆ ತೊಳೆದುಕೊಡಬೇಕು, ಟೋಪಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒಣಗಿಸಬೇಕು. ಇದಕ್ಕೆ ಅವಳಿಗೆ ಸಿಗುವುದು ಸಂಬಳವಲ್ಲ, ಓದಿಗೆ ಸೇರುವ ಅಂಕ.

ಇಷ್ಟೆಲ್ಲ ಯಾಕೆಂದರೆ, ಮೆದುಳಿನ ಜೀವಕೋಶಗಳು ಕೆಲಸ ಮಾಡುವಾಗ ಬಹಳ ಸಣ್ಣ ವಿದ್ಯುತ್ತು ಏಳುತ್ತದೆ. ಜರ್ಮನಿಯ ಯೇನಾ ಎಂಬ ಊರಿನ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ತಲೆಯಿಂದ ಮೊದಲ ಬಾರಿಗೆ ಅದನ್ನು ಗೆರೆಯಾಗಿ ಬರೆಸಿಕೊಂಡರು, 1929ರಲ್ಲಿ ಜಗತ್ತಿಗೆ ತಿಳಿಸಿದರು. ತಮ್ಮ ಮಗ ಕ್ಲೌಸನನ್ನೇ ಅವರು ಮತ್ತೆ ಮತ್ತೆ ಕೂರಿಸಿಕೊಂಡು ಪ್ರಯೋಗ ಮಾಡಿದ್ದರು. ನಾವು ಆಸ್ಪತ್ರೆಗಳಲ್ಲಿ ಇಇಜಿ ಎನ್ನುವುದು ಇದನ್ನೇ. ಟಾರ್ಚಿಗೆ ಹಾಕುವ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇರುತ್ತದಲ್ಲ, ತಲೆಯ ಚರ್ಮದ ಮೇಲೆ ಸಿಗುವ ಮೆದುಳಿನ ವಿದ್ಯುತ್ತು ಹೆಚ್ಚುಕಡಿಮೆ ಅದರ 30,000ದಲ್ಲಿ ಒಂದು ಪಾಲು. ನಡುವೆ ಕೂದಲಿನ ಮೆತ್ತೆಯೋ ಎಣ್ಣೆಯ ಪದರವೋ ಇದ್ದರೆ ಆ ಪಿಸುಮಾತು ಕೇಳಿಸುವುದೇ ಇಲ್ಲ. ಚರ್ಮಕ್ಕೂ ಲೋಹದ ಬಿಲ್ಲೆಗೂ ಸಂಬಂಧ ಕೂಡಿದರೆ ಕಂಪ್ಯೂಟರಿನ ಪರದೆಯ ಮೇಲಿನ ಕೆಂಪು ಚುಕ್ಕೆ ಹಸಿರಾಗುತ್ತದೆ. ಹಸಿರಾಗದಿದ್ದರೆ ಆ ತಲೆ ಲೆಕ್ಕಕ್ಕಿಲ್ಲ.

ಈ ‘ಲೆಕ್ಕಕ್ಕಿಲ್ಲ’ ಎಂಬಲ್ಲೇ ಹುಡುಗಿಗೆ ಮುಳ್ಳು ಚುಚ್ಚಿದ್ದು. ಒಂದು ರಾತ್ರಿ, ಅವಳಿಗೆ ಬೆಳಗಿನ ಹೊತ್ತು, ಫೋನು ಮಾಡಿ ಕೇಳಿದಳು. “ಅತ್ತೆ, ಇಲ್ಲಿ ಕಪ್ಪು ಹುಡುಗೀರು ತಲೆಗೆ ಅಂಟಿಸಿದ ಹಾಗೆ ಸಣ್ಣ ಸಣ್ಣ ಜಡೆ ಹೆಣ್ಕೊಂಡಿರ್ತಾರೆ. ಹೆಣೆಯೋಕೆ ಗಂಟೆಗಟ್ಟಲೆ ಬೇಕು, ದುಡ್ಡೂ ಖರ್ಚು. ಅವರು ಬಂದರೆ ಟೋಪಿ ಕೂರಲ್ಲ, ಚುಕ್ಕೆ ಹಸಿರಾಗಲ್ಲ. ‘ಜಡೆ ಬಿಚ್ಚಿ ಬರೋಕಾಗತ್ತಾ’ ಅಂತ ಕೇಳಬೇಕು. ಆಗಲ್ಲ ಅಂದ್ರೆ, ‘ಥ್ಯಾಂಕ್ಸ್, ಮುಂದಿನ ಸಲ ಕರೀತೀವಿ’ ಅಂತ ಕಳಿಸಬೇಕು. ಮುಂದಿನ ಸಲಾನೂ ಇದೇ ಟೋಪಿ ಅಲ್ವಾ? ಈ ತಿಂಗಳು ಐದು ಜನಾನ ಕಳಿಸಿದೆ. ಅವರನ್ನ ಬಿಡು ಅಂತ ನಮ್ಮ ಪ್ರೊಫೆಸರ್ ಹೇಳಿಲ್ಲ. ಯಾರೂ ಹೇಳಿಲ್ಲ. ಆದ್ರೆ ಬಾಗಿಲ ತನಕ ಹೋಗಿ ಕಳಿಸಿಬಂದಿದ್ದು ನಾನೇ ತಾನೆ? ನಾನು ಮಾಡ್ತಿರೋದು ತಪ್ಪಾ?”

ಆ ಕ್ಷಣಕ್ಕೆ ನನಗೂ ಉತ್ತರ ಹೊಳೆಯಲಿಲ್ಲ. “ನೀನು ಹೇಳಿದ ಕೆಲಸ ಮಾಡಿದ್ದೀಯ, ಮಲಗಮ್ಮ” ಎನ್ನುವುದು ಸುಲಭವಿತ್ತು. ಹೆಣ್ಣುಮಕ್ಕಳಿಗೆ ನಾವು ಚಿಕ್ಕಂದಿನಿಂದ ಕಲಿಸುತ್ತ ಬಂದದ್ದು ಅದನ್ನೇ ಅಲ್ಲವೇ? ಹೇಳಿದಷ್ಟು ಮಾಡು, ಉಳಿದದ್ದು ದೊಡ್ಡವರಿಗೆ ಬಿಡು. ಆದರೆ ಪ್ರಶ್ನೆ ಅಷ್ಟು ಸುಲಭವಾಗಿ ಮಲಗುವಂಥದ್ದಲ್ಲ. ಯಾರೂ ಬೇಕೆಂದು ಮಾಡದ ಅನ್ಯಾಯಕ್ಕೆ ಯಾರು ಹೊಣೆ? ಎಲ್ಲರಿಗಿಂತ ಕೆಳಗೆ ಕೂತು, ಕೈಯಾರೆ ಅದನ್ನು ನಡೆಸುವವರಿಗೆ ಅದರಲ್ಲಿ ಎಷ್ಟು ಪಾಲು?

ಪ್ರಶ್ನೆ ಅಮೆರಿಕದ್ದೆಂದು ಪಕ್ಕಕ್ಕಿಡುವಂತೆಯೂ ಇರಲಿಲ್ಲ. ಪಡಿತರ ಅಂಗಡಿಯ ಮುಂದೆ ಸಾಲು ನಿಂತವರಿಗೆ ಇದು ಗೊತ್ತು. ಪಾತ್ರೆ ತಿಕ್ಕಿ, ಕಳೆ ಕಿತ್ತು, ಬೆರಳಿನ ಗೆರೆಗಳೇ ಸವೆದ ಹೆಂಗಸು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ. ಯಂತ್ರ ಒಪ್ಪುವುದಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. “ನಿಮ್ಮ ಬೆರಳು ಸರಿ ಇಲ್ಲ ಕಣಮ್ಮ” ಎನ್ನುತ್ತಾನೆ ಅಂಗಡಿಯವನು. ಬೆರಳು ಸರಿಯಾಗಿಯೇ ಇದೆ. ಆ ಬೆರಳಿನಿಂದ ಒಂದು ಸಂಸಾರ ನಡೆದಿದೆ. ಓದಲು ಬಾರದ್ದು ಯಂತ್ರಕ್ಕೆ. ಆದರೂ ನಾಚಿಕೆಪಡುವವಳು ಅವಳು. ನಮ್ಮ ಬಳೆಗಾರನನ್ನು ನೆನೆಸಿಕೊಳ್ಳಿ. ಕೈ ಒರಟಾಯಿತೆಂದು ಅವನೂ ಗೊಣಗಬಹುದು, ಅಮುಕಬಹುದು. ಕೊನೆಗೆ ಮಲಾರದಿಂದ ಇನ್ನೊಂದು ಅಳತೆಯ ಬಳೆ ತೆಗೆಯುತ್ತಾನೆಯೇ ಹೊರತು, ಬಳೆಗೆ ತಕ್ಕ ಕೈ ತಂದುಕೊಂಡು ಬಾ ಎಂದು ಕಳಿಸುವುದಿಲ್ಲ.

ನನ್ನ ತಾಯಿಗೆ ಎಪ್ಪತ್ತು ದಾಟಿದ ಮೇಲೆ ಎರಡು ಸಲ ಫಿಟ್ಸ್ ಬಂತು. ಡಾಕ್ಟರು ಇಇಜಿ ಮಾಡಿಸಲು ಬರೆದುಕೊಟ್ಟರು. ತಲೆಗೆ ಎಣ್ಣೆ ಇರಬಾರದೆಂದು ನಮಗೆ ಯಾರೂ ಹೇಳಿರಲಿಲ್ಲ. ಆಸ್ಪತ್ರೆಗೆ ಹೋಗುವುದೆಂದು ಅಮ್ಮ ಎಂದಿಗಿಂತ ಅಚ್ಚುಕಟ್ಟಾಗಿ ಹರಳೆಣ್ಣೆ ಹಚ್ಚಿ, ಬಾಚಿ, ಬಿಗಿಯಾಗಿ ತುರುಬು ಕಟ್ಟಿಕೊಂಡಿದ್ದರು. ಪರೀಕ್ಷೆಯ ಕೋಣೆಯಲ್ಲಿದ್ದಾತ ಮುಟ್ಟಿ ನೋಡಿ, “ಏನಜ್ಜಿ, ಡಬ್ಬಾನೇ ಸುರ್ಕೊಂಡು ಬಂದಿದ್ದೀರಾ? ಇನ್ನೊಂದಿನ ಬನ್ನಿ” ಎಂದ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು, ಅವನಿಗೂ ತಲೆ ಕೆಟ್ಟಿತ್ತೇನೋ. ಅಮ್ಮ ಶಾಲೆಯಲ್ಲಿ ಬೈಸಿಕೊಂಡ ಹುಡುಗಿಯ ಹಾಗೆ ಸೆರಗು ಹೊದ್ದುಕೊಂಡರು. ಆಗ ಅಲ್ಲೇ ತರಬೇತಿಗೆಂದು ಬಂದಿದ್ದ ಎಳೆಯ ಹುಡುಗಿಯೊಬ್ಬಳು, “ಬನ್ನಿ ಅಜ್ಜಿ, ನಾನು ತೊಳ್ಕೊಡ್ತೀನಿ” ಎಂದು ಪಕ್ಕದ ಬಚ್ಚಲಿಗೆ ಕರೆದೊಯ್ದಳು. ಎರಡು ಸಲ ಶಾಂಪೂ ಹಾಕಿ, ಸಿಕ್ಕು ಬಿಡಿಸಿ, ಟವೆಲಿನಿಂದ ಒರೆಸಿ ಕರೆತಂದಳು. ಪರೀಕ್ಷೆ ಅವತ್ತೇ ಆಯಿತು. ಅಮ್ಮ ಆ ಪರೀಕ್ಷೆಯ ಫಲಿತಾಂಶ ಏನೆಂದು ಕೇಳಲೇ ಇಲ್ಲ. “ಆ ಮಗು ಕೈ ಎಷ್ಟು ತಣ್ಣಗಿತ್ತು ಕಣೇ” ಎಂದು ಮಾತ್ರ ಬಹಳ ದಿನ ಹೇಳುತ್ತಿದ್ದರು.

ಆ ತರಬೇತಿಯ ಹುಡುಗಿಗೆ ಯಾವ ಅಧಿಕಾರವೂ ಇರಲಿಲ್ಲ. ಅರ್ಧ ಗಂಟೆ ಮತ್ತು ಎರಡು ಕೈ ಇದ್ದವು. ಒಬ್ಬ ಮುದುಕಿ ಒಳಗೆ ಬರುವುದಕ್ಕೂ ಹಿಂದಿರುಗುವುದಕ್ಕೂ ನಡುವಿನ ಅಂತರ ಅಷ್ಟೇ ಆಗಿತ್ತು.

ಆದರೆ ಒಳ್ಳೆಯ ಕೈಯೊಂದೇ ಎಲ್ಲಕ್ಕೂ ಸಾಕೆ? ಎಣ್ಣೆಯನ್ನು ತೊಳೆಯಬಹುದು, ಹುಟ್ಟಿನಿಂದ ಬಂದ ಗುಂಗುರನ್ನು ತೊಳೆಯಲಾದೀತೆ? ತೊಳೆಯಬೇಕಾದರೂ ಯಾಕೆ? ಇಲ್ಲಿ ಬದಲಾಗಬೇಕಾದದ್ದು ತಲೆಯಲ್ಲ, ಟೋಪಿ. ಈ ಮಾತನ್ನು ಬರೀ ಹೇಳದೆ ಮಾಡಿ ತೋರಿಸಿದವಳೂ ಒಬ್ಬ ಡಿಗ್ರಿ ವಿದ್ಯಾರ್ಥಿನಿ ಎಂದು ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲಾನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಪುಲ್ಕಿತ್ ಗ್ರೋವರ್ ಅವರ ಪ್ರಯೋಗಾಲಯಕ್ಕೆ ಸೇರಿದ ಅರ್ನೆಲ್ ಎಟಿಯೆನ್ ಎಂಬ ಕಪ್ಪು ಹುಡುಗಿ ಆಕೆ. ಒತ್ತಾದ ಗುಂಗುರು ಕೂದಲಿಗೆ ಈ ಉಪಕರಣ ಹೊಂದುವುದಿಲ್ಲ ಎಂಬ ಸಮಸ್ಯೆಯನ್ನು ಆಕೆ ಕೂದಲು ಬಲ್ಲವಳ ಕಣ್ಣಿನಿಂದ ನೋಡಿದಳು. ತಲೆಗೆ ಅಂಟಿಕೊಂಡಂತೆ ಸಾಲುಸಾಲಾಗಿ ಹೆಣೆಯುವ ಜಡೆಗೆ ಅಲ್ಲಿ ಮೆಕ್ಕೆಜೋಳದ ಸಾಲಿನ ಹೆಸರಿದೆ. ಉಳುಮೆಯ ಸಾಲಿನ ನಡುವೆ ನೆಲ ಕಾಣುವಂತೆ ಆ ಜಡೆಗಳ ನಡುವೆ ಬುಡದ ಚರ್ಮ ಕಾಣುತ್ತದೆ. ನಮಗೆ ಒಂದು ಬೈತಲೆಯಾದರೆ ಅವರಿಗೆ ಹತ್ತು. ತಲೆಯ ಮೇಲೆ ಬಿಲ್ಲೆಗಳನ್ನು ಎಲ್ಲೆಲ್ಲಿ ಇಡಬೇಕೆಂಬುದಕ್ಕೆ 1958ರಲ್ಲೇ ಒಂದು ಅಂತರರಾಷ್ಟ್ರೀಯ ಲೆಕ್ಕಾಚಾರ ಗೊತ್ತಾಗಿದೆ. ಆ ಜಾಗಗಳ ಮೇಲೇ ಬೈತಲೆಗಳು ಹಾದುಹೋಗುವಂತೆ ಜಡೆ ಹೆಣೆದರೆ? ಜಡೆಯ ಅಡಿಗೆ ಸಿಕ್ಕಿಸಿದರೆ ತಾನಾಗಿ ಚರ್ಮಕ್ಕೆ ಒತ್ತಿ ನಿಲ್ಲುವ ಒಂದು ಕ್ಲಿಪ್ಪು ಇದ್ದರೆ? ಹಾಗೆ ಹುಟ್ಟಿದ ಕ್ಲಿಪ್ಪಿಗೆ ‘ಸೆವೋ’ ಎಂದು ಹೆಸರಿಟ್ಟರು. ಹೈಟಿ ದೇಶದ ಕ್ರಿಯೋಲ್ ಭಾಷೆಯಲ್ಲಿ ಹಾಗೆಂದರೆ ಮೆದುಳು.

ಹೀಗೆ ಮಾಡಿದಾಗ ವಿದ್ಯುತ್ತಿಗೆ ಆಗುತ್ತಿದ್ದ ಅಡ್ಡಿ ಎಷ್ಟೋ ಪಟ್ಟು ಇಳಿಯಿತು. 2020ರಲ್ಲಿ ಆ ಕುರಿತ ಲೇಖನ ಬಂತು. ಸಹಾಯಕ ವಿದ್ಯಾರ್ಥಿಗಳ ಹೆಸರು ಎಷ್ಟೋ ಸಲ ಲೇಖನದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಬಂದರೆ ಅದೇ ದೊಡ್ಡದು. ಇಲ್ಲಿ ಲೇಖಕರ ಪಟ್ಟಿಯ ಮೊದಲ ಹೆಸರೇ ಆಕೆಯದು. ಯಾವ ಜಡೆಯನ್ನು ಬಿಚ್ಚಿ ಬನ್ನಿ ಎಂದು ಬಾಗಿಲಲ್ಲಿ ಹೇಳುತ್ತಿದ್ದರೋ ಅದೇ ಜಡೆ ದಾರಿಯಾಯಿತು. ಆ ಜಡೆಯ ಹಿಂದೆ ಒಂದು ದೊಡ್ಡ ನೋವಿನ ಕಥೆಯೂ ಇದೆ. ಅದನ್ನು ಹಾಕಿಕೊಂಡರೆಂದು ಶಾಲೆಯಲ್ಲಿ, ಕೆಲಸದಲ್ಲಿ ಹೀಯಾಳಿಸಿ ಹೊರಗಿಡಬಾರದೆಂದು ಕ್ಯಾಲಿಫೋರ್ನಿಯ ರಾಜ್ಯ ಕಾನೂನು ಮಾಡಬೇಕಾಗಿ ಬಂದದ್ದು 2019ರಲ್ಲಿ.

ಈ ಕಥೆಯನ್ನು ನಮ್ಮ ಹುಡುಗಿಗೆ ಹೇಳಿದೆ. ಅವಳಿಗೆ ಅದು ಆಗಲೇ ಗೊತ್ತಿತ್ತು. “ಅವಳು ಬುದ್ಧಿವಂತೆ ಅತ್ತೆ. ನನಗೆ ಯಂತ್ರ ಮಾಡೋಕೆ ಬರಲ್ಲ. ಬರದೆ ಇರೋರು ಏನು ಮಾಡಬೇಕು?” ಎಂದಳು. ಸರಿಯಾದ ಪ್ರಶ್ನೆ. ಎಲ್ಲರೂ ಹೊಸ ಟೋಪಿ ಹೊಲಿಯಲಾರರು. ಅದೂ ಅಲ್ಲದೆ ಅವಳ ಪ್ರೊಫೆಸರರ ಮಾತಿನಲ್ಲೂ ನ್ಯಾಯವಿತ್ತು. ಅವರು ಹೇಳಿದ್ದಂತೆ: “ಕೆಟ್ಟ ದಾಖಲೆ ಇಟ್ಟುಕೊಂಡು ಲೆಕ್ಕ ಹಾಕಿದರೆ ಸುಳ್ಳನ್ನು ವಿಜ್ಞಾನ ಎಂದು ಹೇಳಿದ ಹಾಗಾಗುತ್ತದೆ. ಅದರಿಂದ ಆ ಹುಡುಗಿಯರಿಗೂ ಉಪಕಾರವಿಲ್ಲ. ಇರುವ ದುಡ್ಡು, ಇರುವ ಸಮಯ ಇಷ್ಟು.” ಹುಳುಕು ಕಾಳು ಆರಿಸಿ ಬೇಳೆ ಮಾಡುವ ನಮಗೆ ಈ ಮಾತು ಅರ್ಥವಾಗದ್ದಲ್ಲ. ಆದರೆ ಇಲ್ಲಿ ಆರಿಸಿ ಹೊರಗಿಟ್ಟ ಕಾಳು ಹುಳುಕಲ್ಲ. ಜರಡಿಯ ಕಣ್ಣಿಗೆ ಹಿಡಿಸದ್ದು, ಅಷ್ಟೇ.

ಜರಡಿ ಹೀಗೆ ಆರಿಸುತ್ತ ಹೋದರೆ ಏನಾಗುತ್ತದೆಂಬುದನ್ನು ನಾವೇ ಹತ್ತಿರದಿಂದ ಕಂಡಿದ್ದೇವೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು, ತೊಂಬತ್ತೈದೋ ತೊಂಬತ್ತಾರೋ ಎಂದು ಉಸಿರು ಬಿಗಿಹಿಡಿದು ನೋಡಿದವರು ನಾವು. 2020ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬರೆದರು: ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಆ ಪುಟ್ಟ ಉಪಕರಣ ಅದನ್ನು ಹಿಡಿಯದೆ ಹೋದದ್ದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಆ ಉಪಕರಣ ಬೆಳಕನ್ನು ಚರ್ಮದ ಮೂಲಕ ಹಾಯಿಸಿ ಅಳೆಯುವಂಥದ್ದು. ಚರ್ಮದ ಬಣ್ಣವೂ ಲೆಕ್ಕಕ್ಕೆ ಬರಬೇಕೆಂಬುದು ಸಾಕಷ್ಟು ಮಂದಿಯ ತಲೆಗೆ ಬಂದಿರಲಿಲ್ಲ. ಯಾರೂ ಯಾರಿಗೂ ಕೇಡು ಬಗೆದಿರಲಿಲ್ಲ.

ಮನಸ್ಸಿನ ಶಾಸ್ತ್ರದಲ್ಲೂ ಇದೇ ಆಗಿದೆ. ‘ಮನುಷ್ಯರು ಹೀಗೆ ಯೋಚಿಸುತ್ತಾರೆ’ ಎಂದು ಪುಸ್ತಕಗಳು ಹೇಳುವ ಎಷ್ಟೋ ಮಾತುಗಳು ಪಾಶ್ಚಾತ್ಯ ದೇಶಗಳ ಕಾಲೇಜು ಹುಡುಗ ಹುಡುಗಿಯರ ಮೇಲೆ ಮಾಡಿದ ಪ್ರಯೋಗಗಳಿಂದ ಬಂದವು ಎಂದು 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಅವರ ಇಬ್ಬರು ಸಂಗಡಿಗರು ಎತ್ತಿ ತೋರಿಸಿದರು. ಪ್ರಯೋಗಕ್ಕೆ ಕೈಗೆ ಸುಲಭವಾಗಿ ಸಿಗುವವರು ಅವರೇ ತಾನೆ? ಅಳೆಯುವವರೂ ವಿದ್ಯಾರ್ಥಿಗಳೇ, ಅಳೆಸಿಕೊಳ್ಳುವವರೂ ವಿದ್ಯಾರ್ಥಿಗಳೇ. ನೀವೂ ನಾನೂ ಆ ‘ಮನುಷ್ಯ’ನ ಲೆಕ್ಕದಲ್ಲಿ ಇರಲೇ ಇಲ್ಲ. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಗಳ ಕಾಲ ಪರೀಕ್ಷಿಸುವ ಗುರಿ ಇಟ್ಟುಕೊಂಡಿದ್ದಾರೆ. ವಯಸ್ಸಾದಂತೆ ಮರೆವು ಯಾಕೆ, ಯಾರಿಗೆ ಬರುತ್ತದೆಂದು ತಿಳಿಯುವುದು ಅದರ ಉದ್ದೇಶ. ಮಾವಿನ ತೋಪಿನಲ್ಲಿ ದುಡಿದ ಅಜ್ಜಿಯ ಮರೆವೂ ಲೆಕ್ಕಕ್ಕೆ ಬರುವಂಥದ್ದು ಎಂದು ಒಪ್ಪಿಕೊಂಡಂತಾಯಿತು.

ಇಷ್ಟೆಲ್ಲ ಯೋಚಿಸಿದ ಮೇಲೆ ಹುಡುಗಿಯ ಪ್ರಶ್ನೆಗೆ ನನಗೆ ತೋಚಿದ ಉತ್ತರವನ್ನು ಹೇಳುತ್ತೇನೆ. ತಪ್ಪು ಬೇರೆ, ಹೊಣೆ ಬೇರೆ. ಟೋಪಿ ಹೊಲಿದವಳು ಅವಳಲ್ಲ, ಪ್ರಯೋಗ ಹೂಡಿದವಳೂ ಅಲ್ಲ. ತಪ್ಪು ಅವಳದೆಂದು ರಾತ್ರಿ ನಿದ್ದೆಗೆಡಬೇಕಾಗಿಲ್ಲ. ಆದರೆ ಆ ಕೋಣೆಯಲ್ಲಿ ಹಿಂದಿರುಗಿದವರ ಮುಖ ನೋಡಿದವಳು ಅವಳೊಬ್ಬಳೇ. ಪ್ರೊಫೆಸರರ ಮೇಜಿಗೆ ಹೋಗುವುದು ಹಸಿರು ಚುಕ್ಕೆಯ ತಲೆಗಳು ಮಾತ್ರ. ಬೇರೆಯವರಿಗೆ ಕಾಣದ್ದು ತನಗೆ ಕಂಡಿತೆಂದ ಮೇಲೆ, ಕಂಡಷ್ಟರ ಹೊಣೆ ತನ್ನದಾಗುತ್ತದೆ. ಕೆಳಗಿನ ಕೆಲಸ ಮಾಡುವವರಿಗೆ ಅಧಿಕಾರ ಕಡಿಮೆ ಇರಬಹುದು, ಕಣ್ಣಿಗೆ ಬೀಳುವುದು ಮಾತ್ರ ಹೆಚ್ಚು. ಕೆಲಸದಾಕೆಗೆ ಗೊತ್ತಿರುವಷ್ಟು ಮನೆಯ ಸಂಗತಿ ಯಜಮಾನಿಗೆ ಗೊತ್ತಿರುವುದಿಲ್ಲವೆಂದು ನಾವೇ ನಗುತ್ತೇವಲ್ಲ, ಹಾಗೆ.

ಆದ್ದರಿಂದ ಅವಳಿಗೆ ಹೇಳಿದೆ: “ಜಗಳ ಆಡ್ಬೇಡ, ಕೆಲಸ ಬಿಡ್ಬೇಡ. ಬಂದು ಹಿಂದಿರುಗಿದೋರದ್ದೂ ಒಂದು ಲೆಕ್ಕ ಇಡು. ಹೆಸರು ಬೇಡ. ಎಷ್ಟು ಜನ, ಯಾಕೆ ಅಂತ ಬರಿ. ಕಾರಣ ಬರೆಯೋ ಜಾಗದಲ್ಲಿ ‘ಕೂದಲು ಸರಿಯಿಲ್ಲ’ ಅಂತ ಬರೀಬೇಡ, ‘ನಮ್ಮ ಟೋಪಿ ಹೊಂದಲಿಲ್ಲ’ ಅಂತ ಬರಿ. ಆಮೇಲೆ ಅದನ್ನ ನಿಮ್ಮ ಮೇಷ್ಟ್ರಿಗೆ ತೋರಿಸು. ಬಂದೋರಿಗೂ ಮುಂದಿನ ಸಲ ಕರೀತೀವಿ ಅನ್ನೋ ಸುಳ್ಳು ಹೇಳ್ಬೇಡ. ನಮ್ಮ ಉಪಕರಣದ ಕೊರತೆ ಇದು, ನಿಮ್ಮದಲ್ಲ ಅಂತ ಹೇಳಿ ಕಳಿಸು.” “ಇಷ್ಟೇನಾ ಅತ್ತೆ?” ಎಂದಳು. “ಇಷ್ಟು ಮಾಡಿ ನೋಡು” ಎಂದೆ.

ಸುಮ್ಮನೆ ಬರೆದಿಡುವುದರಿಂದ ಏನಾದೀತು ಎಂದು ನೀವು ಕೇಳಬಹುದು. ಬಾಯಿ ತುಂಬ ಮರುಕಪಡುವುದಕ್ಕಿಂತ ಅದು ಕಷ್ಟದ ಕೆಲಸ ಎಂದೇ ನನ್ನ ಅನಿಸಿಕೆ. ಮರುಕ ಸಂಜೆಯ ಹೊತ್ತಿಗೆ ಆರಿಹೋಗುತ್ತದೆ. ಬರೆದ ಅಂಕಿ ಮಾರನೆಯ ದಿನವೂ ಅಲ್ಲೇ ಇರುತ್ತದೆ, ನೋಡಿದವರನ್ನು ಕೇಳುತ್ತದೆ. 2022ರಲ್ಲಿ ‘ನೇಚರ್ ನ್ಯೂರೋಸೈನ್ಸ್’ ಪತ್ರಿಕೆಯಲ್ಲಿ ಕೆಲವು ವಿಜ್ಞಾನಿಗಳು, ಕೂದಲು ಮತ್ತು ಚರ್ಮದ ಕಾರಣಕ್ಕೆ ಮೆದುಳಿನ ಅಧ್ಯಯನಗಳಿಂದ ಜನ ಹೇಗೆ ಹೊರಗುಳಿಯುತ್ತಾರೆಂದು ವಿವರಿಸಿ ಬರೆದರು. ಅಂಥ ಬರಹಗಳ ಹಿಂದೆಯೂ ಯಾವುದೋ ಕೋಣೆಯಲ್ಲಿ ಸಿರಿಂಜು ಹಿಡಿದು ನಿಂತು, ಇದೇಕೆ ಹೀಗೆ ಎಂದು ಮೊದಲು ಕೇಳಿಕೊಂಡ ಯಾವುದೋ ಹುಡುಗಿ ಇದ್ದಿರಬೇಕು ಎನ್ನಿಸುತ್ತದೆ.

ಮೊನ್ನೆ ಅವಳು ಫೋನು ಮಾಡಿದ್ದಳು. ಪ್ರೊಫೆಸರ್ ಪಟ್ಟಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಆಮೇಲೆ, ಇದನ್ನು ಎಲ್ಲ ಸಹಾಯಕರೂ ಬರೆಯಲಿ ಎಂದರಂತೆ. ಟೋಪಿ ಹಳೆಯದೇ, ಹೊಸದಕ್ಕೆ ದುಡ್ಡು ಕೇಳಿ ಅರ್ಜಿ ಹಾಕುತ್ತಾರಂತೆ, ಸಿಕ್ಕೀತೋ ಇಲ್ಲವೋ. ಸದ್ಯಕ್ಕೆ ಬದಲಾದದ್ದು ಇಷ್ಟೇ: ಅವರ ವಹಿಯಲ್ಲಿ ಒಂದು ಅಂಕಣ ಹೆಚ್ಚಾಗಿದೆ. ಅದರ ತಲೆಬರಹವನ್ನು ಇವಳೇ ಬರೆದಳಂತೆ, ‘ನಾವು ಅಳೆಯಲಾರದೆ ಹೋದವರು’ ಎಂದು. ಈ ವಾರದವರೆಗೆ ಅದರಲ್ಲಿ ಹನ್ನೊಂದು ಗೀಟುಗಳಿವೆ.